ಹನ್ನೆರಡೇ ಜನ ಸಿಕ್ಕರೆ ಸಂಶೋಧನೆ ಆಗುತ್ತದೆಯೇ?

ಪ್ರಶ್ನೆ: ನಾನು ಪುನರ್ವಸತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಥೀಸಿಸ್ ಮುಗಿಸಲು ಹತ್ತು ತಿಂಗಳಿದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುವವರ ಜೀವನದ ಗುಣಮಟ್ಟ ಸುಧಾರಿಸುವ ಕೆಲಸ ಮಾಡಬೇಕೆಂಬ ಆಸೆ. ಬೆರಳುಗಳಲ್ಲಿ ಹಿಡಿತ ಇಲ್ಲದವರಿಗೆ ಕೈಗೆ ಕಟ್ಟಿಕೊಳ್ಳುವ ಒಂದು ಸಾಧನ ಮಾಡಿ, ಕೊಡುವ ಮೊದಲು ಮತ್ತು ಕೊಟ್ಟ ಮೇಲೆ ಪ್ರಶ್ನಾವಳಿ ತುಂಬಿಸುವ ಯೋಜನೆ ಹಾಕಿದ್ದೇನೆ. ಆದರೆ ಸಿಕ್ಕಿರುವುದು 12 ಜನ ಮಾತ್ರ. ಇಷ್ಟು ಸಾಲದು ಎಂದು ಗೈಡ್ ಹೇಳುತ್ತಾರೆ. ತಲೆಗೂ ಪೆಟ್ಟಾಗಿರುವ ಇಬ್ಬರಿಗೆ ಮಾತಾಡುವುದು ಕಷ್ಟ. ಅವರ ಬದಲು ಮನೆಯವರನ್ನು ಕೇಳಬಹುದೇ? ಇನ್ನೊಂದು ಗೊಂದಲ: ಮೊದಲ ಸಲ ಮಾತಾಡಿಸಿದಾಗಲೇ 7 ಜನ "ನಮ್ಮ ಜೀವನ ಚೆನ್ನಾಗಿಯೇ ಇದೆ" ಅಂದರು. ಹಾಗಾದರೆ ನಾನು ಸುಧಾರಿಸುವುದು ಏನನ್ನು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿಯದೆ ಉಳಿದ ಎರಡಕ್ಕೆ ಉತ್ತರ ಸಿಕ್ಕರೂ ನಿಮಗೆ ಉಪಯೋಗವಿಲ್ಲ.

"ಚೆನ್ನಾಗಿಯೇ ಇದೆ" ಅಂದವರನ್ನು ದಯವಿಟ್ಟು ನಂಬಿ. ಈ ಉತ್ತರ ಕೇಳಿ ತಬ್ಬಿಬ್ಬಾದವರು ನಿಮಗಿಂತ ಮೊದಲೂ ಇದ್ದಾರೆ. ಗ್ಯಾರಿ ಆಲ್ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲೀಗರ್ ಎಂಬ ಸಂಶೋಧಕರು ಅಂಗವೈಕಲ್ಯ ಇರುವ 153 ಜನರ ಜೊತೆ ಕೂತು ಮಾತಾಡಿ, 1999ರಲ್ಲಿ ಅದನ್ನು ಪ್ರಕಟಿಸಿದರು. ಮಧ್ಯಮದಿಂದ ತೀವ್ರ ಮಟ್ಟದ ಅಂಗವೈಕಲ್ಯ ಇದ್ದವರಲ್ಲಿ 54.3% ಜನ ತಮ್ಮ ಜೀವನದ ಗುಣಮಟ್ಟ ಚೆನ್ನಾಗಿದೆ ಅಥವಾ ಬಹಳ ಚೆನ್ನಾಗಿದೆ ಅಂದಿದ್ದರು. 2011ರಲ್ಲಿ ಇನ್ನೊಂದು ಸಮೀಕ್ಷೆ ಬಂತು. ಅದು ಫ್ರಾನ್ಸ್‌ನಲ್ಲಿ ಲಾಕ್ಡ್-ಇನ್ ಸಿಂಡ್ರೋಮ್ ಇರುವವರ ಬಗ್ಗೆ. ಅವರಿಗೆ ಪ್ರಜ್ಞೆ ಪೂರ್ತಿ ಇರುತ್ತದೆ. ಆದರೆ ಕಣ್ಣು ಬಿಟ್ಟರೆ ಮೈಯಲ್ಲಿ ಬೇರೆ ಏನೂ ಹೆಚ್ಚುಕಡಿಮೆ ಅಲುಗುವುದಿಲ್ಲ. ಲೆಕ್ಕಕ್ಕೆ ತೆಗೆದುಕೊಂಡ 65 ಜನರಲ್ಲಿ 47 ಜನ ಸಂತೋಷವಾಗಿದ್ದೇವೆ ಅಂದರು. 18 ಜನ ಇಲ್ಲ ಅಂದರು.

ಇದನ್ನು ಓದಿದವರಲ್ಲಿ ಕೆಲವರು "ಪಾಪ, ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ" ಅನ್ನುತ್ತಾರೆ. ಇನ್ನು ಕೆಲವರು "ಚೆನ್ನಾಗಿದ್ದಾರಲ್ಲ, ಇನ್ನೇನು ಬೇಕು" ಅನ್ನುತ್ತಾರೆ. ಎರಡೂ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ಟಾದ ಮೇಲೆ ಮನುಷ್ಯರ ಅಳತೆಗೋಲೇ ಬದಲಾಗುತ್ತದೆ. ಮೊದಲು ಮುಖ್ಯ ಅನ್ನಿಸಿದ್ದು ಹಿಂದೆ ಸರಿಯುತ್ತದೆ. ಕಣ್ಣಿಗೇ ಬೀಳದಿದ್ದದ್ದು ಮುಂದೆ ಬರುತ್ತದೆ. ಸಂಶೋಧಕರು ಇದನ್ನು ರೆಸ್ಪಾನ್ಸ್ ಶಿಫ್ಟ್ ಅಂತ ಕರೆಯುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಅವರು ಕಷ್ಟಪಟ್ಟು ಕಟ್ಟಿಕೊಂಡ ಬದುಕು ಅದು. ಹಾಗಂತ ಬದಲಾಗಬೇಕಾದ್ದು ಏನೂ ಉಳಿದಿಲ್ಲ ಅಂತಲ್ಲ. ಅದೇ ಸಮೀಕ್ಷೆಯ ಆ 18 ಜನರನ್ನು ನೋಡಿ. ಅವರ ಬೇಸರದ ಜೊತೆ ಕಾಣಿಸಿದ್ದು ಆತಂಕ, ಹೊರಗೆ ಓಡಾಡುವುದರ ಬಗ್ಗೆ ಅತೃಪ್ತಿ, ಮನರಂಜನೆಯ ಬಗ್ಗೆ ಅತೃಪ್ತಿ, ಮಾತು ಮರಳುವ ವಿಷಯದಲ್ಲಿ ಅತೃಪ್ತಿ. ಇವುಗಳಲ್ಲಿ ಹೆಚ್ಚಿನವು ಯಾರಾದರೂ ಕೈಹಾಕಿದರೆ ಸ್ವಲ್ಪವಾದರೂ ಬದಲಾಗುವಂಥವು, ಅಲ್ವಾ?

ಹಾಗಾಗಿ ಆ 7 ಜನರ ಹತ್ತಿರ ಮತ್ತೆ ಹೋಗಿ. ಈ ಸಲ ಪ್ರಶ್ನಾವಳಿ ಬೇಡ. "ಚೆನ್ನಾಗಿದೆ" ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಮುಂದೆ ಒಂದು "ಆದರೆ" ಬರುತ್ತದೆ. ನಿಮ್ಮ ಥೀಸಿಸ್ ಇರುವುದು ಆ "ಆದರೆ"ಯ ಆಚೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ನನ್ನ ಕೈಕೆಳಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸ್ವತಃ ಊಟ ಮಾಡಲು ನೆರವಾಗುವ ಸಾಧನ ಮಾಡಿದಳು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಾನೇ ಆ ವಿಷಯ ಸೂಚಿಸಿದ್ದೆ. ಮೂರು ತಿಂಗಳ ನಂತರ ಹೋಗಿ ನೋಡಿದರೆ ಅದು ಡಬ್ಬಿಯಲ್ಲಿತ್ತು. ಅದನ್ನು ಬಳಸಬೇಕಿದ್ದವರು ಬಹಳ ಮೆಲ್ಲಗೆ ಹೇಳಿದರು: "ನನ್ನ ತಮ್ಮ ನನಗೆ ಊಟ ಮಾಡಿಸುವಾಗಲೇ ನಾವಿಬ್ಬರೂ ಮಾತಾಡೋದು. ಆ ಹೊತ್ತು ನನಗೆ ಬೇಕು. ನನಗೆ ಕಷ್ಟ ಆಗೋದು ಫೋನ್ ಬಂದಾಗ. ಬೇರೆ ಯಾರಾದರೂ ಎತ್ತಿ ಕಿವಿಗೆ ಹಿಡಿಯಬೇಕು. ಒಂದು ಗುಟ್ಟಿನ ಮಾತು ಆಡೋಕೆ ಆಗಲ್ಲ." ಒಂದು ವರ್ಷದ ಕೆಲಸಕ್ಕೆ ಮೊದಲು ಅವರನ್ನು ಒಂದು ಗಂಟೆ ಕೇಳಿದ್ದರೆ ಇದು ನಮಗೆ ಗೊತ್ತಾಗುತ್ತಿತ್ತು. ಆ ಡಬ್ಬಿ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಅದೊಂದು ಬಿಡಿ ಘಟನೆಯೂ ಅಲ್ಲ. ಬೆಟ್ಸಿ ಫಿಲಿಪ್ಸ್ ಮತ್ತು ಹಾಂಗ್‌ಶಿನ್ ಝಾವೋ 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ನೆರವಿನ ಸಾಧನ ಬಳಸುವ 227 ವಯಸ್ಕರನ್ನು ಅವರು ವಿಚಾರಿಸಿದರು. 29.3% ಸಾಧನಗಳನ್ನು ಜನ ಪೂರ್ತಿ ಕೈಬಿಟ್ಟಿದ್ದರು. ಆಯ್ಕೆ ಮಾಡುವಾಗ ಬಳಸುವವರ ಅಭಿಪ್ರಾಯ ಕೇಳದಿರುವುದು, ಸಾಧನ ಸುಲಭವಾಗಿ ಕೈಗೆ ಬಂದಿರುವುದು, ಅದು ಸರಿಯಾಗಿ ಕೆಲಸ ಮಾಡದಿರುವುದು, ಬಳಸುವವರ ಅಗತ್ಯಗಳೇ ಬದಲಾಗಿರುವುದು: ಕೈಬಿಡುವುದಕ್ಕೂ ಈ ನಾಲ್ಕಕ್ಕೂ ನಂಟು ಕಂಡಿತು. ಮೊದಲ ವರ್ಷದಲ್ಲಿ ಮತ್ತು 5 ವರ್ಷ ಆದ ಮೇಲೆ ಕೈಬಿಡುವುದು ಜಾಸ್ತಿ. ಹಾಗಾಗಿ ಸಾಧನ ಕೊಟ್ಟ ಎರಡನೇ ವಾರಕ್ಕೇ "ನಂತರದ" ಪ್ರಶ್ನಾವಳಿ ತುಂಬಿಸಬೇಡಿ. ಆಗ ಸಿಗುವುದು ಹೊಸ ವಸ್ತುವಿನ ಖುಷಿ, ಜೊತೆಗೆ ನಿಮ್ಮ ಮೇಲಿನ ದಾಕ್ಷಿಣ್ಯ.

ಕೈಯ ಹಿಡಿತವನ್ನು ಆರಿಸಿಕೊಂಡದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಒಳ್ಳೆಯ ಆಧಾರವೇ ಇದೆ. ಕಿಮ್ ಆ್ಯಂಡರ್ಸನ್ 2004ರಲ್ಲಿ ಬೆನ್ನುಹುರಿಗೆ ಪೆಟ್ಟಾದ 681 ಜನರ ಉತ್ತರಗಳನ್ನು ಪ್ರಕಟಿಸಿದರು. ಯಾವ ಶಕ್ತಿ ಮರಳಿದರೆ ನಿಮ್ಮ ಬದುಕು ಎಲ್ಲಕ್ಕಿಂತ ಜಾಸ್ತಿ ಸುಧಾರಿಸುತ್ತದೆ ಅನ್ನುವುದು ಪ್ರಶ್ನೆ. ಹೊರಗಿನವರು "ನಡಿಗೆ" ಅಂತ ಊಹಿಸುತ್ತಾರೆ. ಆದರೆ ಕೈಕಾಲು ನಾಲ್ಕೂ ಸ್ವಾಧೀನ ಕಳೆದುಕೊಂಡವರು ಮೊದಲ ಸ್ಥಾನ ಕೊಟ್ಟಿದ್ದು ತೋಳು ಮತ್ತು ಕೈಗೆ. ಸೊಂಟದ ಕೆಳಗೆ ಮಾತ್ರ ಸ್ವಾಧೀನ ಇಲ್ಲದವರು ಮೊದಲ ಸ್ಥಾನ ಕೊಟ್ಟಿದ್ದು ಲೈಂಗಿಕ ಜೀವನಕ್ಕೆ. ಮೂತ್ರ ಮತ್ತು ಮಲದ ಹಿಡಿತ ಇಬ್ಬರಿಗೂ ಬಹಳ ಮುಖ್ಯವಾಗಿತ್ತು. ಈ ಎರಡು ವಿಷಯ ಎತ್ತಲು ವಿದ್ಯಾರ್ಥಿಗಳಿಗೆ ಸಂಕೋಚ. ಕೇಳದಿದ್ದರೆ ಅವು ಡೇಟಾದಲ್ಲಿ ಕಾಣುವುದೇ ಇಲ್ಲ. ಆಮೇಲೆ "ಯಾರೂ ಹೇಳಲಿಲ್ಲ" ಅಂತ ಬರೆಯುತ್ತೇವೆ.

ಸಾಧನದ ಬಗ್ಗೆ ಒಂದೇ ಒಂದು ಮಾತು, ಆದರೆ ಮುಖ್ಯವಾದದ್ದು. ಸಿ6 ಅಂದರೆ ಕುತ್ತಿಗೆಯ ಭಾಗದ ಆರನೇ ಮಟ್ಟದಲ್ಲಿ ಪೆಟ್ಟಾದವರಲ್ಲಿ ಬಹಳ ಜನರಿಗೆ ಬೆರಳು ಮಡಚಲು ಆಗದಿದ್ದರೂ ಮಣಿಕಟ್ಟನ್ನು ಮೇಲೆತ್ತಲು ಬರುತ್ತದೆ. ಮಣಿಕಟ್ಟು ಮೇಲೆದ್ದಾಗ ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ. ಅದರಲ್ಲೇ ಅವರು ಲೋಟ, ಪೆನ್ನು, ಕಾಗದ ಹಿಡಿಯುತ್ತಾರೆ. ಇದಕ್ಕೆ ಟೆನೊಡೆಸಿಸ್ ಹಿಡಿತ ಅಂತ ಹೆಸರು. ನಿಮ್ಮ ಸಾಧನ ಮಣಿಕಟ್ಟನ್ನು ನೆಟ್ಟಗೆ ಕಟ್ಟಿಹಾಕಿದರೆ ಅವರಿಗಿದ್ದ ಹಿಡಿತವನ್ನೇ ಕಿತ್ತುಕೊಂಡಂತೆ. ಡ್ರಾಯಿಂಗ್ ಮುಗಿಸುವ ಮೊದಲು 12 ಜನರೂ ಈಗ ವಸ್ತುಗಳನ್ನು ಹೇಗೆ ಹಿಡಿಯುತ್ತಾರೆ ಅಂತ ಕೂತು ನೋಡಿ. ಒಬ್ಬೊಬ್ಬರೂ ತಮ್ಮದೇ ಉಪಾಯ ಕಂಡುಕೊಂಡಿರುತ್ತಾರೆ. ಅನುಭವ ಆಗಲಿ ಅಂತ ನೀವೇ ಒಂದು ದಿನ ಬೆರಳು ಕಟ್ಟಿಕೊಂಡು ವೀಲ್‌ಚೇರ್‌ನಲ್ಲಿ ಕೂರುವುದು ಇದಕ್ಕೆ ಬದಲಿಯಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದ ಪ್ರಯೋಗಗಳಲ್ಲಿ, ಅದನ್ನು ಮಾಡಿದವರು ಕುರುಡರ ಸಾಮರ್ಥ್ಯವನ್ನು ಇನ್ನೂ ಕಡಿಮೆ ಅಂದಾಜು ಮಾಡಿದರು. ಅವರಿಗೆ ಸಿಕ್ಕಿದ್ದು ಮೊದಲ ದಿನದ ತಡವರಿಕೆ. ಹತ್ತು ವರ್ಷದ ಜಾಣ್ಮೆ ಒಂದು ದಿನದಲ್ಲಿ ಬರುವುದಿಲ್ಲ.

ಈಗ ಅಳತೆಗೆ ಬರೋಣ. ಪ್ರಶ್ನಾವಳಿಯ ಹೆಸರು ನೀವು ಬರೆದಿಲ್ಲ. ತುಂಬಾ ಜನ ಕಣ್ಣುಮುಚ್ಚಿ ಎಸ್‌ಎಫ್-36 ತೆಗೆದುಕೊಳ್ಳುತ್ತಾರೆ. ಅದರಲ್ಲಿ ದೈಹಿಕ ಸಾಮರ್ಥ್ಯದ ಬಗ್ಗೆ 10 ಪ್ರಶ್ನೆಗಳಿವೆ. ಅವುಗಳಲ್ಲಿ 5 ಪ್ರಶ್ನೆಗಳು ನಡೆಯುವುದು ಮತ್ತು ಮೆಟ್ಟಿಲು ಹತ್ತುವುದರ ಬಗ್ಗೆಯೇ. ವೀಲ್‌ಚೇರ್‌ನಲ್ಲಿ ದಿನವೆಲ್ಲ ಊರು ಸುತ್ತಿ ಬರುವವರಿಗೂ ಅಲ್ಲಿ ಸ್ಕೋರ್ ಕೆಳಗೇ ಇರುತ್ತದೆ. ಕೇಳಿಸಿಕೊಳ್ಳುವವರಿಗೂ ನೋವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-ಕ್ಯುಒಎಲ್ ಬ್ರೆಫ್ ಇದಕ್ಕಿಂತ ಒಳ್ಳೆಯದು. 26 ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ದೇಹ, ಮನಸ್ಸು, ಸಂಬಂಧಗಳು, ಪರಿಸರ ಎಂಬ ನಾಲ್ಕು ಭಾಗ. ಪರಿಸರದ ಭಾಗದಲ್ಲಿ ಹಣ, ಸಾರಿಗೆ, ಮಾಹಿತಿ, ಬಿಡುವಿನ ಚಟುವಟಿಕೆ ಎಲ್ಲ ಬರುತ್ತದೆ. ಓಡಾಟದ ಬಗ್ಗೆ ಕೇಳುವಾಗಲೂ ಕಾಲಲ್ಲಿ ನಡೆಯಬೇಕು ಅನ್ನುವ ಷರತ್ತಿಲ್ಲ.

ಆದರೆ ಒಂದು ಎಚ್ಚರಿಕೆ. ಕೈಗೆ ಕಟ್ಟುವ ಒಂದು ಸಾಧನದಿಂದ ಆ 26 ಪ್ರಶ್ನೆಗಳ ಸ್ಕೋರ್ ಅಲುಗಾಡುತ್ತದೆ ಅಂತ ನಿರೀಕ್ಷಿಸಬೇಡಿ. ಬದುಕು ದೊಡ್ಡದು, ಸಾಧನ ಚಿಕ್ಕದು. ಸ್ಕೋರ್ ಬದಲಾಗದಿದ್ದರೆ ಸಾಧನ ದಂಡ ಅಂತ ಅರ್ಥವಲ್ಲ. ಇನ್ನೊಂದು ಕಡೆ, ಹಿಡಿತದ ಬಲ ಅಳೆಯುವ ಮೀಟರ್‌ನಲ್ಲಿ ಅಂಕಿ ಏರಿದ ಮಾತ್ರಕ್ಕೆ ಬದುಕು ಸುಧಾರಿಸಿತು ಅಂತಲೂ ಅಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡ, ಆರೋಗ್ಯ ಮತ್ತು ಅಂಗವೈಕಲ್ಯವನ್ನು ವಿವರಿಸುವ ಐಸಿಎಫ್ ಚೌಕಟ್ಟು ಇಲ್ಲಿ ನಿಮಗೆ ದಾರಿ ತೋರಿಸುತ್ತದೆ. ದೇಹದ ಕೆಲಸ ಒಂದು, ಚಟುವಟಿಕೆ ಇನ್ನೊಂದು, ಸಮಾಜದಲ್ಲಿ ಪಾಲ್ಗೊಳ್ಳುವುದು ಮತ್ತೊಂದು. ಬೆರಳಿನ ಹಿಡಿತ ಮೊದಲನೆಯದು. ಫೋನ್ ಎತ್ತುವುದು ಎರಡನೆಯದು. ಗೆಳೆಯನ ಜೊತೆ ಗುಟ್ಟಿನ ಮಾತಾಡುವುದು ಮೂರನೆಯದು. ಒಂದರಲ್ಲಿ ಅಳೆದು ಇನ್ನೊಂದರ ಹೆಸರು ಹಾಕುವುದು ಈ ಕ್ಷೇತ್ರದ ಥೀಸಿಸ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು.

ನಡುವೆ ಸೇತುವೆಯಾಗುವ ಅಳತೆಯೊಂದು ಬೇಕು. ನಾನು ಕೆನಡಾದವರು ರೂಪಿಸಿದ ಸಿಒಪಿಎಂ ಅನ್ನು ಸೂಚಿಸುತ್ತೇನೆ. ದಿನನಿತ್ಯದಲ್ಲಿ ತಮಗೆ ಕಷ್ಟವಾಗುವ, ಮುಖ್ಯವಾದ ಕೆಲಸಗಳನ್ನು ಸಾಧನ ಬಳಸುವವರೇ ಹೆಸರಿಸುತ್ತಾರೆ. ಐದರವರೆಗೆ ಆರಿಸಿಕೊಂಡು, ಈಗ ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ, ಅದರಲ್ಲಿ ಎಷ್ಟು ತೃಪ್ತಿ ಇದೆ ಅಂತ 10ಕ್ಕೆ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ 2 ಅಂಕದ ಏರಿಕೆಯನ್ನು ಅರ್ಥಪೂರ್ಣ ಬದಲಾವಣೆ ಅಂತ ಎಣಿಸುತ್ತಾರೆ. ಇದರಲ್ಲಿ ನನಗೆ ಹಿಡಿಸುವುದು, ಏನನ್ನು ಅಳೆಯಬೇಕು ಅನ್ನುವ ತೀರ್ಮಾನ ಅವರ ಕೈಯಲ್ಲಿರುವುದು. ಸಾಧನದ ತೂಕ, ಅಳವಡಿಕೆ, ರಿಪೇರಿ ಇವುಗಳ ಬಗ್ಗೆ ಕೇಳಲು 12 ಪ್ರಶ್ನೆಗಳ ಕ್ವೆಸ್ಟ್ ಸಾಕು.

ಇನ್ನು ನಿಮ್ಮ ಗೈಡ್ ಹೇಳಿದ ಮಾತು. ಎರಡು ಗುಂಪು ಮಾಡಿ ಸರಾಸರಿ ಹೋಲಿಸುವ ಅಧ್ಯಯನಕ್ಕೆ 12 ಜನ ಸಾಲದು. ಮೊದಲು ಒಂದು ಸಲ, ನಂತರ ಒಂದು ಸಲ ಕೇಳುವ ನಿಮ್ಮ ಯೋಜನೆಗೂ ಸಾಲದು. ಅಲ್ಲಿ ಗೈಡ್ ಹೇಳಿದ್ದು ಸರಿ. ಆದರೆ ಸಿಂಗಲ್-ಕೇಸ್ ವಿನ್ಯಾಸಕ್ಕೆ 12 ಜನ ಧಾರಾಳ. ಅಲ್ಲಿ ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸುತ್ತೇವೆ. ಸಾಧನ ಕೊಡುವ ಮೊದಲು ಹಲವು ಸಲ ಅಳೆಯುತ್ತೇವೆ, ಕೊಟ್ಟ ಮೇಲೂ ಹಲವು ಸಲ. ಪ್ರತಿ ಹಂತದಲ್ಲಿ ಕನಿಷ್ಠ 5 ಸಲ ಅಳೆಯಿರಿ. ಎಲ್ಲರಿಗೂ ಒಂದೇ ದಿನ ಸಾಧನ ಕೊಡಬೇಡಿ. ಮೊದಲ ಮೂವರಿಗೆ 5 ವಾರ ಆದ ಮೇಲೆ, ಮುಂದಿನ ಮೂವರಿಗೆ 7 ವಾರ ಆದ ಮೇಲೆ, ಹೀಗೆ ಸರದಿ ಹಾಕಿ. ಯಾರು ಯಾವ ಸರದಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಸಾಧನ ಬಂದಾಗಲೆಲ್ಲ ಗ್ರಾಫ್‌ನಲ್ಲಿ ಆಯಾ ವ್ಯಕ್ತಿಯ ಗೆರೆ ಮೇಲೇರಿ, ಇನ್ನೂ ಸಿಗದವರ ಗೆರೆ ಅಲ್ಲೇ ಇದ್ದರೆ, ಬದಲಾವಣೆಗೆ ಕಾರಣ ಸಾಧನವೇ ಅಂತ ಗಟ್ಟಿಯಾಗಿ ಹೇಳಬಹುದು. ಬೇರೆ ಬೇರೆ ಸಮಯದಲ್ಲಿ ಕನಿಷ್ಠ ಮೂರು ಸಲ ಇದು ಕಾಣಬೇಕು. ಪ್ರತಿ ವಾರ ಅಳೆಯಲು ಪೂರ್ತಿ ಪ್ರಶ್ನಾವಳಿ ಬೇಡ. ಅವರೇ ಆರಿಸಿದ ಕೆಲಸವನ್ನು ಬೇರೆಯವರ ನೆರವಿಲ್ಲದೆ ಎಷ್ಟು ಸಲ ಮಾಡಿದರು ಅಂತ ಎಣಿಸಿದರೆ ಸಾಕು. ಫಲಿತಾಂಶ ಬರೆಯುವಾಗ "58.3%" ಅನ್ನಬೇಡಿ. "12 ಜನರಲ್ಲಿ 7 ಜನ" ಅನ್ನಿ. ಉಳಿದ 5 ಜನರಿಗೆ ಏನಾಯಿತು ಅಂತ ಒಬ್ಬೊಬ್ಬರ ಬಗ್ಗೆಯೂ ಬರೆಯಿರಿ. ದೊಡ್ಡ ಅಧ್ಯಯನಗಳಿಗೆ ಈ ಭಾಗ್ಯ ಇರುವುದಿಲ್ಲ.

ಮಾತು ಕಷ್ಟವಾಗುವ ಇಬ್ಬರ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅವರನ್ನೇ ಕೇಳಿ. ಮನೆಯವರು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ, ಆ ವ್ಯಕ್ತಿಯ ಜೀವನದ ಗುಣಮಟ್ಟವನ್ನು ಅವರು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾರೆ. ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ಇಬ್ಬರ ಉತ್ತರ ಹೆಚ್ಚುಕಡಿಮೆ ಹೊಂದುತ್ತದೆ. ಮನಸ್ಸಿನ ವಿಷಯ ಬಂದಾಗ ದೂರವಾಗುತ್ತದೆ. ಅಕ್ಷರಗಳ ಹಲಗೆ, ಚಿತ್ರದ ಕಾರ್ಡ್, ಟ್ಯಾಬ್ಲೆಟ್ ಯಾವುದು ಅನುಕೂಲವೋ ಅದನ್ನು ಬಳಸಿ. ಒಂದೇ ದಿನ ಮುಗಿಸಬೇಕಿಲ್ಲ, ಮೂರು ದಿನ ಮಾಡಿ. ಮಾತು ನಿಧಾನ ಅಂದ ಮಾತ್ರಕ್ಕೆ ಬುದ್ಧಿ ನಿಧಾನ ಅಂತಲ್ಲ, ಇದು ನಿಮಗೂ ಗೊತ್ತಿದೆ. ಒಂದು ವೇಳೆ ಪ್ರಶ್ನೆ ಅರ್ಥಮಾಡಿಕೊಳ್ಳುವುದೇ ಕಷ್ಟವಾಗಿದ್ದರೆ "ಹೌದು–ಇಲ್ಲ" ಪ್ರಶ್ನೆಗಳನ್ನು ಕಡಿಮೆ ಮಾಡಿ. ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ಕ್ಯಾರಲ್ ಸಿಗೆಲ್‌ಮನ್ ಮತ್ತು ಜೊತೆಗಾರರು 1981ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಗೊತ್ತಾಗದಿದ್ದಾಗ "ಹೌದು" ಅನ್ನುವ ಒಲವು ಬಲವಾಗಿ ಕಂಡಿತ್ತು. "ಇದಾ, ಅದಾ" ಅಂತ ಚಿತ್ರ ತೋರಿಸಿ ಕೇಳಿದಾಗ ಉತ್ತರ ಹೆಚ್ಚು ನಂಬುವಂತಿತ್ತು. ಮನೆಯವರನ್ನೂ ಮಾತಾಡಿಸಿ, ಆದರೆ ಅವರ ಉತ್ತರವನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಎರಡನ್ನೂ ಕಲಸಬೇಡಿ.

ಇಷ್ಟೊಂದು ಸಲ "ಅವರನ್ನೇ ಕೇಳಿ" ಅನ್ನುವುದಕ್ಕೆ ಹಿನ್ನೆಲೆ ಇದೆ. 1960ರ ದಶಕದಲ್ಲಿ ಇಂಗ್ಲೆಂಡ್‌ನ ಹ್ಯಾಂಪ್‌ಶೈರ್‌ನಲ್ಲಿ ಲೆ ಕೋರ್ಟ್ ಎಂಬ ವಸತಿಗೃಹ ಇತ್ತು. ಅಲ್ಲಿದ್ದ ಅಂಗವಿಕಲರು ತಮ್ಮ ದಿನಚರಿಯ ಮೇಲೆ ತಮಗೇ ಅಧಿಕಾರ ಬೇಕು ಅಂತ ಹೋರಾಡುತ್ತಿದ್ದರು. ನೆರವಾಗಬಹುದು ಅನ್ನುವ ನಂಬಿಕೆಯಿಂದ ಅವರೇ ಸಂಶೋಧಕರನ್ನು ಕರೆಸಿದರು. 1972ರಲ್ಲಿ ಬಂದ ವರದಿ ಅವರನ್ನು ಸಮಾಜದ ಪಾಲಿಗೆ ಸತ್ತವರು ಎನ್ನುವ ಅರ್ಥದಲ್ಲಿ ವಿವರಿಸಿತು. ಅಲ್ಲಿ ವಾಸವಿದ್ದ ಪಾಲ್ ಹಂಟ್ ಇದಕ್ಕೆ ಬರೆದ ಉತ್ತರ, ಅವರು ತೀರಿಕೊಂಡ ನಂತರ 1981ರಲ್ಲಿ ಅಚ್ಚಾಯಿತು. ಅಂಥ ಸಂಶೋಧಕರನ್ನು ಅವರು ಪರಾವಲಂಬಿ ಜೀವಿಗಳು ಅಂತ ಕರೆದರು. ಕಟುವಾದ ಮಾತು. ಆದರೆ ನಂಬಿ ಕರೆದವರ ನೋವು ಅದು. ಮುಂದೆ 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು, ಅವರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರ ಜೊತೆ ಸಮಾಲೋಚಿಸಬೇಕು ಎಂದು ಸರಕಾರಗಳಿಗೆ ಹೇಳಿತು. ನಿಮ್ಮ ಮಟ್ಟದಲ್ಲಿ ಇದರ ಅರ್ಥ ಸರಳ. 12 ಜನರಲ್ಲಿ ಒಪ್ಪುವ ಇಬ್ಬರನ್ನು ಸಲಹೆಗಾರರನ್ನಾಗಿ ಮಾಡಿಕೊಳ್ಳಿ. ಅವರ ಸಮಯಕ್ಕೆ ಹಣ ಕೊಡಿ. ಪ್ರಶ್ನೆಗಳನ್ನು, ಸಾಧನದ ಮಾದರಿಯನ್ನು ಎಲ್ಲರಿಗಿಂತ ಮೊದಲು ಅವರಿಗೆ ತೋರಿಸಿ. ಮೊದಲ ಎರಡು ತಿಂಗಳು ಇದಕ್ಕೇ ಇಡಿ.

ಎಥಿಕ್ಸ್ ಕಮಿಟಿಯ ಅರ್ಜಿಯಲ್ಲಿ ಬಿಟ್ಟುಹೋಗುವ ಎರಡು ಅಪಾಯ ಹೇಳಿಬಿಡುತ್ತೇನೆ. ಚರ್ಮಕ್ಕೆ ಸ್ಪರ್ಶ ತಿಳಿಯದ ಕಡೆ ಪಟ್ಟಿ ಬಿಗಿಯಾದರೆ ಅವರಿಗೆ ಗೊತ್ತಾಗುವುದಿಲ್ಲ, ಹುಣ್ಣಾಗುತ್ತದೆ. ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಕಟ್ಟಿ, ಬಿಚ್ಚಿ, ಚರ್ಮ ಕೆಂಪಾಗಿದೆಯೇ ನೋಡಿ. ಎರಡನೆಯದು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ. ಟಿ6 ಅಂದರೆ ಎದೆಯ ಭಾಗದ ಆರನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ತುಂಬಿದ ಮೂತ್ರಕೋಶದಂಥ ಸಣ್ಣ ಕಾರಣಕ್ಕೂ ಬಿಪಿ ದಿಢೀರನೆ ಏರಬಹುದು. ತಲೆ ಸಿಡಿಯುವಂಥ ನೋವು, ಬೆವರು, ಮುಖ ಕೆಂಪಾಗುವುದು ಇದರ ಲಕ್ಷಣ. ಇದು ತುರ್ತುಸ್ಥಿತಿ. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಸಡಿಲಿಸಿ, ಕ್ಯಾಥೆಟರ್ ಮಡಚಿಕೊಂಡಿದೆಯೇ ನೋಡಿ, ವೈದ್ಯರನ್ನು ಕರೆಯಿರಿ. ನಿಮ್ಮ 12 ಜನರೂ ಈ ಗುಂಪಿಗೇ ಸೇರುತ್ತಾರೆ. ಮೊದಲ ಭೇಟಿಗೆ ಮುಂಚೆಯೇ ಇದನ್ನು ಕಲಿತಿರಿ.

ಹತ್ತನೇ ತಿಂಗಳಿಗೆ ನಿಮ್ಮ ಪದವಿ ಮುಗಿಯುತ್ತದೆ. ಹನ್ನೊಂದನೇ ತಿಂಗಳಲ್ಲಿ ಯಾರದೋ ಸಾಧನದ ಪಟ್ಟಿ ಹರಿಯುತ್ತದೆ. ಆಗ ಅವರು ಯಾರಿಗೆ ಫೋನ್ ಮಾಡಬೇಕು? ಸಾಧನ ಅವರ ಹತ್ತಿರವೇ ಉಳಿಯುತ್ತದೆಯೇ? ಅಳತೆ, ಡ್ರಾಯಿಂಗ್, ಬಳಸಿದ ವಸ್ತುಗಳ ವಿವರ ಅವರ ಕೈಗೂ ಸಿಗುತ್ತದೆಯೇ? ಈ ಮೂರಕ್ಕೂ ಉತ್ತರವನ್ನು ಒಪ್ಪಿಗೆ ಪತ್ರದಲ್ಲಿ ಈಗಲೇ ಬರೆಯಿರಿ. ಆ ಪತ್ರವನ್ನು ಕಮಿಟಿಗೆ ಕಳಿಸುವ ಮುಂಚೆ ನಿಮ್ಮ ಇಬ್ಬರು ಸಲಹೆಗಾರರ ಮುಂದೆ ಗಟ್ಟಿಯಾಗಿ ಓದಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಆ ಸಾಲನ್ನು ತಿದ್ದಿ.